ಫೋಟೋ ನೋಡಿ ಅಡ್ವಾನ್ಸ್ ಕೊಟ್ಟು ನಾನು ಕೆಟ್ಟೆ

ತಂಗಿಯ ಮದುವೆಯ ಅಲಂಕಾರದ ಜವಾಬ್ದಾರಿಯನ್ನು ಮನೆಯವರು ನನ್ನ ತಲೆಗೆ ಕಟ್ಟಿದ್ದರು. ಕೈಯಲ್ಲಿ ದುಡ್ಡು ಕಡಿಮೆ. ಹಾಗಾಗಿ ಮೂವರು ಡೆಕೊರೇಟರ್‌ಗಳನ್ನು ವಿಚಾರಿಸಿ, ಎಲ್ಲರಿಗಿಂತ ಕಡಿಮೆ ಹೇಳಿದವರನ್ನು ಹಿಡಿದೆ. ಉಳಿಸಿಬಿಟ್ಟೆ ಅಂತ ಎರಡು ದಿನ ಬೀಗಿದ್ದೂ ಹೌದು. ಕೊನೆಗೆ ಲೆಕ್ಕ ಹಾಕಿದರೆ ಎರಡನೆಯವರು ಹೇಳಿದ್ದಕ್ಕಿಂತ ಹೆಚ್ಚೇ ಖರ್ಚಾಗಿತ್ತು. ಅದರ ಮೇಲೆ ಬಂದ ನೆಂಟರು ವೇದಿಕೆ ನೋಡಿ "ಇನ್ನೂ ಕೆಲಸ ಮುಗಿದಿಲ್ವಾ?" ಅಂತ ಕೇಳಿದ್ದು ಬೇರೆ.

ಶುರುವಾದದ್ದು ಫೋನಿನಲ್ಲಿದ್ದ ಒಂದು ಫೋಟೋದಿಂದ. ಬಿಳಿ ಬಟ್ಟೆ, ಮೇಲಿಂದ ಇಳಿಬಿಟ್ಟ ಹೂಗೊಂಚಲು, ಎರಡೂ ಕಡೆ ಹದವಾದ ಹಳದಿ ಬೆಳಕು. "ಇದೇ ಥರ ಮಾಡಿಕೊಡ್ತೀವಿ ಮೇಡಂ, ನೀವು ಟೆನ್ಷನ್ ತಗೋಬೇಡಿ" ಅಂದರು. ನಾನು ತಗೊಳ್ಳಲಿಲ್ಲ, ಅದೇ ತಪ್ಪಾಯಿತು. ಆ ಫೋಟೋದ ಗೋಡೆ ಎಷ್ಟು ಅಗಲ ಅಂತ ಒಂದು ಮಾತು ಕೇಳಬೇಕಿತ್ತು. 12 ಅಡಿ ಅಗಲ, 8 ಅಡಿ ಎತ್ತರ ಅಂತ ತಿಳಿದದ್ದು ಆಮೇಲೆ. ನಮ್ಮ ವೇದಿಕೆ 30 ಅಡಿ ಅಗಲ, 12 ಅಡಿ ಎತ್ತರ. ಗುಣಿಸಿ ನೋಡಿ: 96 ಚದರ ಅಡಿ ಎಲ್ಲಿ, 360 ಚದರ ಅಡಿ ಎಲ್ಲಿ! ಅಷ್ಟೇ ಸಾಮಾನನ್ನು ಹೆಚ್ಚುಕಡಿಮೆ ನಾಲ್ಕು ಪಟ್ಟು ಜಾಗಕ್ಕೆ ಎಳೆದಿದ್ದರು. ಬಟ್ಟೆ ಚೆನ್ನಾಗಿ ನೆರಿಗೆ ಬಿದ್ದು ಇಳಿಯಬೇಕಾದರೆ ಗೋಡೆಯ ಅಗಲದ ಎರಡು ಪಟ್ಟಾದರೂ ಬಟ್ಟೆ ಬೇಕು. ನಮ್ಮಲ್ಲಿ ಒಣಹಾಕಿದ ಬೆಡ್‌ಶೀಟಿನ ಹಾಗೆ ಬಿಗಿದು ಕಟ್ಟಿದ್ದರು. ಅದರ ಹಿಂದಿನ ಸ್ವಿಚ್‌ಬೋರ್ಡ್ ಎದ್ದು ಕಾಣುತ್ತಿತ್ತು.

ದುಡ್ಡು ಕಡಿಮೆ ಇದ್ದರೆ ಇಡೀ ವೇದಿಕೆ ತುಂಬಿಸುವ ಆಸೆಯನ್ನೇ ಬಿಟ್ಟುಬಿಡಿ. ವಧೂವರರು ನಿಲ್ಲುವ ನಡುವಿನ ಹತ್ತು ಹನ್ನೆರಡು ಅಡಿಯನ್ನು ದಟ್ಟವಾಗಿ ಮಾಡಿಸಿ, ಅಕ್ಕಪಕ್ಕಕ್ಕೆ ಗಾಢ ಬಣ್ಣದ ಸಾದಾ ಪರದೆ ಇಳಿಬಿಟ್ಟು ಅಲ್ಲಿನ ದೀಪ ಆರಿಸಿದರೆ ಸಾಕು. ನೂರಾರು ಫೋಟೋಗಳಲ್ಲಿ ಬರುವುದು ಆ ನಡುವಿನ ಭಾಗವೇ. ನಾನು ಮೂಲೆ ಮೂಲೆಗೂ ಒಂದೊಂದು ಹೂಕುಂಡ ಇಡಿಸಿದ್ದೆ. ಆಲ್ಬಮ್ಮಿನಲ್ಲಿ ಹುಡುಕಿದರೆ ಒಂದೂ ಇಲ್ಲ.

ಹೂವಿನ ಕಥೆ ಇನ್ನೂ ದೊಡ್ಡದು. ಬೆಳಿಗ್ಗೆ ನಳನಳಿಸುತ್ತಿದ್ದ ಗುಲಾಬಿಗಳು ಮಧ್ಯಾಹ್ನದ ಹೊತ್ತಿಗೆ ಕತ್ತು ಬಗ್ಗಿಸಿದ್ದವು. ಹೂ ಚುಚ್ಚುವ ಹಸಿರು ಫೋಮ್ ಒಳಗೆ ಬೆರಳು ತೂರಿಸಿ ನೋಡಿದೆ. ಹೊರಗೆ ಒದ್ದೆ, ಒಂದಂಗುಲ ಒಳಗೆ ಹೋಗುತ್ತಿದ್ದಂತೆ ಒಣಪುಡಿ, ಮುಟ್ಟಿದರೆ ಉಗುರಿನ ಸಂದಿಗೆ ಹಸಿರು ಧೂಳು. ಆ ಇಟ್ಟಿಗೆಯನ್ನು ನೀರಿನ ಮೇಲೆ ತೇಲಲು ಬಿಡಬೇಕು, ತಾನಾಗಿ ನೀರು ಹೀರಿ ಮುಳುಗಬೇಕು. ಅವಸರಕ್ಕೆ ಕೈಯಿಂದ ಅದುಮಿ ಮುಳುಗಿಸಿದರೆ ಒಳಗೆ ಗಾಳಿ ಸಿಕ್ಕಿಬಿದ್ದು ನಡುಭಾಗ ಒಣಗೇ ಉಳಿಯುತ್ತದೆ. ಹೂವಿನ ದಂಟು ಚುಚ್ಚಿದ್ದು ಸರಿಯಾಗಿ ಅಲ್ಲಿಗೇ. ಇನ್ನು ಕಾರ್ನೇಷನ್‌ಗಳನ್ನು ಹಿಂದಿನ ರಾತ್ರಿ ಅಡುಗೆಯವರ ತಣ್ಣನೆಯ ಕೋಣೆಯಲ್ಲಿ ಹಣ್ಣಿನ ಪೆಟ್ಟಿಗೆಗಳ ಪಕ್ಕದಲ್ಲೇ ಇಟ್ಟಿದ್ದರಂತೆ. ಮಾಗುವ ಹಣ್ಣಿನಿಂದ ಎಥಿಲೀನ್ ಅನಿಲ ಬರುತ್ತದೆ. ಅದು ತಾಗಿದರೆ ಕಾರ್ನೇಷನ್ ಎಸಳುಗಳು ಒಳಕ್ಕೆ ಸುರುಳಿ ಸುತ್ತಿಕೊಂಡು ನಿದ್ದೆ ಹೋದ ಹಾಗಾಗುತ್ತವೆ. ನಮ್ಮವೂ ಹಾಗೇ ಮಲಗಿದವು. ಚೆನ್ನಾಗಿ ತಾಳಿಕೊಂಡದ್ದು, ನಾನು "ಸಾಧಾರಣ ಹೂವು" ಅಂತ ಮೂಗು ಮುರಿದಿದ್ದ ಸೇವಂತಿಗೆಯೊಂದೇ. ಅದಕ್ಕೆ ಬಾಳಿಕೆ ಜಾಸ್ತಿ, ಬೆಲೆಯೂ ಗುಲಾಬಿಯಷ್ಟಿಲ್ಲ. ಫೆಬ್ರವರಿ 14ರ ಆಸುಪಾಸಿನಲ್ಲಂತೂ ಗುಲಾಬಿಯ ತಂಟೆಗೇ ಹೋಗಬೇಡಿ.

ಥರ್ಮಾಕೋಲ್ ಅಕ್ಷರಗಳ ಪ್ರಸಂಗ ಹೇಳಿದರೆ ಈಗಲೂ ಮನೆಯಲ್ಲಿ ನಗುತ್ತಾರೆ. ನನಗೆ ಮಾತ್ರ ನಗು ಬರಲ್ಲ. ವಧೂವರರ ಹೆಸರಿನ ಅಕ್ಷರಗಳನ್ನು ಬಿಳಿ ಥರ್ಮಾಕೋಲಿನಲ್ಲಿ ಕತ್ತರಿಸಿ ತಂದಿದ್ದರು. ಬಂಗಾರದ ಬಣ್ಣ ಬೇಕು ಅಂದೆ. ಹುಡುಗನೊಬ್ಬ ಸ್ಪ್ರೇ ಪೇಂಟ್ ಡಬ್ಬಿ ಅಲ್ಲಾಡಿಸಿ ಹೊಡೆದ. ನೋಡುನೋಡುತ್ತಿದ್ದಂತೆ ಅಕ್ಷರದ ಮೇಲೆ ಸಣ್ಣ ಸಣ್ಣ ಗುಂಡಿ ಬಿದ್ದವು, ಅಂಚು ಕರಗಿತು, ಒಂದು ಕಾಲು ಸವೆದು ಅಕ್ಷರವೇ ಬೇರೆಯಾಯಿತು. ಥರ್ಮಾಕೋಲಿನಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ಬರೀ ಗಾಳಿ. ಸ್ಪ್ರೇ ಡಬ್ಬಿಯಲ್ಲಿರುವ ದ್ರಾವಕ ಉಳಿದದ್ದನ್ನು ಕರಗಿಸಿಬಿಡುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬ್ರಷ್‌ನಲ್ಲಿ ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ತಂಗಿ ಮುಖ ಸಪ್ಪೆ ಮಾಡಿಕೊಂಡು "ಹೋಗ್ಲಿ ಬಿಡಕ್ಕ, ನಾವಿಬ್ರೂ ಯಾರು ಅಂತ ಬಂದವರಿಗೆ ಗೊತ್ತಲ್ಲ" ಅಂದಳು. ಅಕ್ಷರಗಳನ್ನು ವೇದಿಕೆಯ ಹಿಂದಕ್ಕೆ ಸಾಗಿಸಿದೆವು.

ಬೆಳಕಿನ ವಿಷಯದಲ್ಲಿ ಮೋಸ ಆಯಿತೋ, ಅವರಿಗೇ ತಿಳಿಯಲಿಲ್ಲವೋ ಹೇಳಲಾರೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಿದ್ದರೆ ಹಳದಿ, ಹೆಚ್ಚಿದ್ದರೆ ನೀಲಿ ಛಾಯೆಯ ಬಿಳಿ. ಫೋಟೋದಲ್ಲಿದ್ದ ಹಳದಿ ಬೆಳಕು 3000 ಕೆಲ್ವಿನ್ ಆಸುಪಾಸಿನದು. ತಂದು ಕಟ್ಟಿದ್ದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿದ್ದರೂ ನಾನು ಓದಿರಲಿಲ್ಲ. ಆ ಬೆಳಕಿನಲ್ಲಿ ಎಲ್ಲರೂ ಜ್ವರದಿಂದ ಎದ್ದು ಬಂದವರಂತೆ ಕಂಡರು. ಅದೂ ಅಗ್ಗದ ಎಲ್‌ಇಡಿ, ಬೆಳಕಿನಲ್ಲಿ ಕೆಂಪಿನ ಅಂಶವೇ ಕಡಿಮೆ. ಹಾಗಾಗಿ ಕೆಂಪು ಗುಲಾಬಿ ಕಂದು ಬಣ್ಣಕ್ಕೆ ತಿರುಗಿದ ಹಾಗಿತ್ತು. ಹಾಲ್‌ನವರ ಹಳದಿ ದೀಪಗಳೂ ಜೊತೆಗೆ ಉರಿಯುತ್ತಿದ್ದವು. ಫೋಟೋಗ್ರಾಫರ್ ತಲೆ ಚಚ್ಚಿಕೊಂಡು, ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ ಅಂದ. ದುಡ್ಡು ಉಳಿಸುವವರು ಹೂವಿನಲ್ಲಿ ಕೈ ಬಿಗಿ ಹಿಡಿಯಿರಿ, ಬೆಳಕಿನಲ್ಲಿ ಬೇಡ. ಒಳ್ಳೆಯ ಬೆಳಕು ಸಾದಾ ಬಟ್ಟೆಯನ್ನೂ ಮೇಲೆತ್ತುತ್ತದೆ.

ಸಮಾರಂಭಕ್ಕೆ ಒಂದು ಗಂಟೆ ಇರುವಾಗ ಹಾಲ್ ಮ್ಯಾನೇಜರ್ ಬಂದು ಎಡಗಡೆಯ ಬಟ್ಟೆ ಬಿಚ್ಚಿಸಿದರು. ಅದರ ಹಿಂದೆ ತುರ್ತು ಬಾಗಿಲು ಇತ್ತು! ಪಾಲಿಯೆಸ್ಟರ್ ಬಟ್ಟೆಗೆ ಬೆಂಕಿ ತಗುಲಿದರೆ ಕರಗಿ ಹನಿಹನಿಯಾಗಿ ಮೈಮೇಲೆ ಬೀಳುತ್ತದೆ. ಅಂಥದ್ದನ್ನು ಹೊರಹೋಗುವ ದಾರಿಗೇ ಅಡ್ಡ ಕಟ್ಟಿ, ಮುಂದೆ ಮೇಣದಬತ್ತಿ ಜೋಡಿಸಿದ್ದರು. ಅವರ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಹಿಂದಿನ ಸಂಜೆ ಅರ್ಧ ಗಂಟೆ ಹೋಗಿ ನಿಂತು ನೋಡಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಹೆಚ್ಚುವರಿ ಬಿಲ್ ಹೇಗೆ ಬೆಳೆಯಿತು ಅಂದರೆ, ಕೊಟೇಶನ್ನಿನಲ್ಲಿ ಇದ್ದದ್ದು "ಸ್ಟೇಜ್ ಡೆಕೊರೇಷನ್, ಒಂದು" ಎಂಬ ಒಂದೇ ಸಾಲು. ಸಾಗಾಟ ಬೇರೆ, ರಾತ್ರಿ ಬಿಚ್ಚುವ ಕೂಲಿ ಬೇರೆ, ಗೋಡೆಗೆ ಟೇಪ್ ಅಂಟಿಸಿ ಪೇಂಟ್ ಕಿತ್ತು ಬಂದದ್ದಕ್ಕೆ ಹಾಲ್‌ನವರು ಡೆಪಾಸಿಟ್‌ನಲ್ಲಿ ಮುರಿದುಕೊಂಡದ್ದು ಬೇರೆ. ಯಾವ ಹೂವು, ಎಷ್ಟು ದಂಟು, ಅಸಲಿಯೋ ಪ್ಲಾಸ್ಟಿಕ್ಕೋ, ಬಟ್ಟೆ ಎಷ್ಟು ಮೀಟರ್, ಎಷ್ಟು ಗಂಟೆಗೆ ಮುಗಿಯಬೇಕು, ಬಿಚ್ಚುವವರು ಯಾರು, ಇಷ್ಟನ್ನೂ ಬರೆಸಿಕೊಳ್ಳಿ. ನಾನು ಪೂರ್ತಿ ದುಡ್ಡು ಮೊದಲೇ ಕೊಟ್ಟು ಕೂತಿದ್ದೆ, ಜಗಳ ಆಡಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಕೊನೆಯ ಕಂತನ್ನು ಕೆಲಸ ನೋಡಿದ ಮೇಲೆಯೇ ಕೊಡಿ.

ಮಾರನೆಯ ದಿನ ಹಾಲ್ ಖಾಲಿ ಮಾಡಲು ಹೋದರೆ ಹಸಿರು ಫೋಮ್ ಚೂರುಗಳನ್ನೆಲ್ಲ ಅಲ್ಲೇ ಬಿಟ್ಟು ಹೋಗಿದ್ದರು. ಅದು ಮಣ್ಣಲ್ಲಿ ಕೊಳೆಯುವ ವಸ್ತುವಲ್ಲ, ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ. ನಾನೂ ಅಪ್ಪನೂ ಪೊರಕೆ ಹಿಡಿದು ಎರಡು ಚೀಲ ತುಂಬಿದೆವು. ವೇದಿಕೆಯ ಹಿಂದೆ ಒಂಟಿ ಕಾಲಿನ ಆ ಬಂಗಾರದ ಅಕ್ಷರ ಗೋಡೆಗೆ ಒರಗಿ ನಿಂತೇ ಇತ್ತು.