ಪಿಟ್ ಟ್ಯಾಗೋ, ಅಕೌಸ್ಟಿಕ್ ಟ್ಯಾಗೋ?

ಅಣೆಕಟ್ಟು ದಾಟಲು ಕಟ್ಟಿದ ಮೀನೇಣಿಯನ್ನು ಎಷ್ಟು ಮೀನು ಹತ್ತಿದವು ಎಂಬ ಲೆಕ್ಕವಷ್ಟೇ ಬೇಕಿದ್ದರೆ ಪಿಟ್ ಟ್ಯಾಗ್ (ಮೀನಿನ ದೇಹದೊಳಗೆ ಇಡುವ, ಆಂಟೆನಾ ಹತ್ತಿರ ಬಂದಾಗ ಗುರುತು ಸಂಖ್ಯೆ ತಿಳಿಸುವ ಪುಟ್ಟ ಚಿಪ್) ಸಾಕು. ಸಾಮಾನ್ಯ ಉದ್ದ 12 ಮಿ.ಮೀ., ಬ್ಯಾಟರಿಯಿಲ್ಲ, ಮೀನು ಬದುಕಿರುವಷ್ಟು ಕಾಲ ಓದಬಹುದು. ಅಗ್ಗವಾದ್ದರಿಂದ ಸಾವಿರಗಟ್ಟಲೆ ಹಾಕಬಹುದು. ತೊಡಕು ದೂರದ್ದು: ಆಂಟೆನಾದಿಂದ ಒಂದು ಮೀಟರ್ ಆಚೆ ಹೋದರೆ ಸಾಮಾನ್ಯವಾಗಿ ಸಿಗದು. ದಿಕ್ಕು ತಿಳಿಯಲು ಸಾಲಾಗಿ ಎರಡು ಆಂಟೆನಾ ಬೇಕು. ಹೊಟ್ಟೆಯೊಳಗೆ ಹಾಕಿದ್ದು ಕೆಲವೊಮ್ಮೆ ಮೊಟ್ಟೆಯ ಜೊತೆಗೇ ಹೊರಬೀಳುತ್ತದೆ. ಆಗ ತಳದಲ್ಲಿ ಬಿದ್ದ ಟ್ಯಾಗನ್ನೇ ಮೀನೆಂದು ಎಣಿಸುವ ಅಪಾಯ.

ಮೊಟ್ಟೆಯಿಡಲು ಎಲ್ಲಿ, ಎಷ್ಟು ದಿನ ತಂಗುತ್ತವೆ ಎಂದು ತಿಳಿಯಬೇಕೇ? ನೀರಿನಲ್ಲಿಟ್ಟ ರಿಸೀವರ್ ಹಿಡಿಯುವಂತೆ ಆಗಾಗ ಶಬ್ದದ ಸಂಕೇತ ಹೊರಡಿಸುವ ಅಕೌಸ್ಟಿಕ್ ಟ್ಯಾಗ್ ಹಾಕಿ. ಉಪ್ಪುನೀರಿನಲ್ಲೂ ನೂರಾರು ಮೀಟರ್ ಕೇಳಿಸುತ್ತದೆ. ರೇಡಿಯೋ ಟ್ಯಾಗ್ ಅಲ್ಲಿ ಕೆಲಸಕ್ಕೆ ಬಾರದು. ಆದರೆ ದುಬಾರಿ, ಬ್ಯಾಟರಿ ಮುಗಿಯುತ್ತದೆ, ಶಸ್ತ್ರಚಿಕಿತ್ಸೆಯೂ ಬೇಕು. ಟ್ಯಾಗಿನ ತೂಕ ಮೀನಿನ ತೂಕದ ಶೇ. 2 ಮೀರಬಾರದೆಂಬುದು ರೂಢಿಯ ಮಿತಿ, ಅಂದರೆ 200 ಗ್ರಾಂ ಮೀನಿಗೆ 4 ಗ್ರಾಂ. ಮೊಟ್ಟೆಯಿಡುವ ಜಾಗದಲ್ಲಿ ಮೀನು ಗುಂಪುಗೂಡಿದಾಗ ಸಂಕೇತಗಳು ಡಿಕ್ಕಿ ಹೊಡೆದು ದಾಖಲೆ ಕುಸಿಯುತ್ತದೆ, ಅದೂ ಮುಖ್ಯ ದಿನಗಳಲ್ಲೇ! ಒಂದು ಸಂಕೇತಕ್ಕೂ ಮುಂದಿನದಕ್ಕೂ ನಡುವಿನ ಸಮಯ ಹೆಚ್ಚಿಸಿ. ರಿಸೀವರ್‌ಗಳ ವ್ಯಾಪ್ತಿಯನ್ನು ಒಂದೇ ಜಾಗದಲ್ಲಿ ಸ್ಥಿರವಾಗಿ ಒಂದು ಟ್ಯಾಗ್ ಇಟ್ಟು ಪರೀಕ್ಷಿಸಿ. ಇಲ್ಲದಿದ್ದರೆ ಗದ್ದಲದಿಂದ ಸಂಕೇತ ಕೇಳಿಸದ ರಾತ್ರಿಯನ್ನು ಮೀನಿಲ್ಲದ ರಾತ್ರಿಯೆಂದು ಓದಿ, ಮೀನುಗಾರಿಕೆ ನಿಷೇಧದ ದಿನಾಂಕವನ್ನೇ ತಪ್ಪಾಗಿ ಗೊತ್ತುಮಾಡುತ್ತೀರಿ.