ಕಾರ್ಡ್ ಬಿಡಲೊಲ್ಲದವರ ಎದುರು ಯಾವ ಆಟ ನಡೆಯುತ್ತದೆ?

ಗೋವಾದಲ್ಲಿ ಕಡಿಮೆ ಬೈ-ಇನ್‌ನ (ಸೇರಲು ಕಟ್ಟುವ ದುಡ್ಡಿನ) ಪೋಕರ್ ಟೂರ್ನಮೆಂಟ್ ಆಡಿದವರಿಗೆ ಈ ಟೇಬಲ್ ಗೊತ್ತಿರುತ್ತದೆ. ಒಂಬತ್ತು ಜನರಲ್ಲಿ ನಾಲ್ಕೈದು ಮಂದಿ ರೈಸ್ ಮಾಡುವುದೇ ಇಲ್ಲ, ಅಂದರೆ ಬೆಟ್ ಏರಿಸುವುದಿಲ್ಲ; ಸುಮ್ನೆ ಕಾಲ್ ಮಾಡುತ್ತಾರೆ, ಎದುರಿನವರು ಹಾಕಿದಷ್ಟೇ ಹಾಕಿ ಉಳಿಯುತ್ತಾರೆ. ಒಂದು ಜೋಡಿ ಸಿಕ್ಕಿತೆಂದರೆ ರಿವರ್‌ವರೆಗೂ, ಅಂದರೆ ಟೇಬಲ್ ಮೇಲೆ ಬೀಳುವ ಐದನೇ, ಕೊನೇ ಎಲೆಯವರೆಗೂ, ಬಿಡುವುದಿಲ್ಲ. ವಾರಾಂತ್ಯದಲ್ಲಿ ಇವರಲ್ಲಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯವರೇ ಜಾಸ್ತಿ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ ಬಿತ್ತಲ್ವಾ, ಈಗ ನಮಗೆ ಹತ್ತಿರದ ಜಾಗವೆಂದರೆ ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳೇ.

ಇಂಥವರ ಎದುರು ನಾಲ್ಕು ಥರದ ಆಟ ಆಡಿ ನೋಡಿದ್ದೇನೆ. ನಾಲ್ಕರಲ್ಲಿ ಒಂದನ್ನೇ ನಾನು ನಂಬುವುದು.

ಎಲ್ಲರೂ ಹೇಳಿಕೊಡುವುದು ಕಾಯುವ ಆಟ. ಒಳ್ಳೆ ಕಾರ್ಡ್ ಬರುವ ತನಕ ಫೋಲ್ಡ್ ಮಾಡು (ಕಾರ್ಡ್ ಬಿಟ್ಟುಬಿಡು), ಬಂದಾಗ ಹೊಡೆ. ಕೇಳಲು ಸರಿ ಅನ್ನಿಸುತ್ತದೆ, ಲೆಕ್ಕ ಹಾಕಿದರೆ ಕೂಡಿ ಬರುವುದಿಲ್ಲ. ಗುಲಾಮನ ಜೋಡಿ ಅಥವಾ ಅದಕ್ಕಿಂತ ದೊಡ್ಡ ಜೋಡಿ, ಇಲ್ಲವೇ ಎಕ್ಕ-ರಾಜ ಬರುವುದು ನೂರಕ್ಕೆ ಮೂರು ಸಲ. ಡೀಲರ್ ಕೈಯಿಂದ ಹಂಚುವ ಟೇಬಲ್‌ನಲ್ಲಿ ಗಂಟೆಗೆ 25-30 ಹ್ಯಾಂಡ್ ಆಗುತ್ತವೆ. ಅಂದರೆ ಗಂಟೆಗೆ ಒಂದು ಒಳ್ಳೆ ಹ್ಯಾಂಡ್ ಬಂದರೆ ಪುಣ್ಯ. 20 ನಿಮಿಷಕ್ಕೊಮ್ಮೆ ಬ್ಲೈಂಡ್ (ಪ್ರತಿ ಹ್ಯಾಂಡ್‌ಗೂ ಮುಂಚೆ ಇಬ್ಬರು ಹಾಕಲೇಬೇಕಾದ ಸಣ್ಣ, ದೊಡ್ಡ ಬೆಟ್) ಏರಿದರೆ ಅಷ್ಟರಲ್ಲಿ ಮೂರು ಲೆವೆಲ್ ಹೋಗಿರುತ್ತದೆ, ಚಿಪ್ಸ್ ಕರಗಿರುತ್ತವೆ. ಬೇಗ ಔಟ್ ಆಗಬಾರದು ಅನ್ನುವವರಿಗೆ ಇದು ಸಾಕು. ಗೆಲ್ಲಬೇಕು ಅನ್ನುವವರಿಗೆ ಸಾಲದು.

ಎರಡನೆಯದು ಬ್ಲಫ್, ಅಂದರೆ ಕಾರ್ಡ್ ಇಲ್ಲದಿದ್ದರೂ ಇದ್ದ ಹಾಗೆ ಬೆಟ್ ಹಾಕಿ ಎದುರಿನವರನ್ನು ಓಡಿಸುವುದು; ಅದರ ವಿಷಯ ಬೇಗ ಮುಗಿಯುತ್ತದೆ. ಪಾಟ್‌ನ (ನಡುವೆ ಸೇರಿದ ಚಿಪ್ಸ್‌ನ) ಅರ್ಧದಷ್ಟು ಬೆಟ್ ಹಾಕಿ ಬ್ಲಫ್ ಮಾಡಿದರೆ ಎದುರಿನವರು ಮೂರರಲ್ಲಿ ಒಂದು ಸಲವಾದರೂ ಫೋಲ್ಡ್ ಮಾಡಬೇಕು, ಪಾಟ್‌ನಷ್ಟೇ ಬೆಟ್ ಹಾಕಿದರೆ ಎರಡರಲ್ಲಿ ಒಂದು ಸಲ. ಇವರು ಮಾಡುವುದಿಲ್ಲ. ಎಕ್ಕ ಹಿಡಿದ ಹಾಗೆ ನಾವು ಎಷ್ಟು ಚೆನ್ನಾಗಿ ತೋರಿಸಿದರೂ, ಅವರು ನೋಡುವುದು ತಮ್ಮ ಕೈಯಲ್ಲಿರುವ ಎಂಟರ ಜೋಡಿಯನ್ನು ಮಾತ್ರ.

ಮೂರನೆಯದು ಸ್ಮಾಲ್ ಬಾಲ್, ಅಂದರೆ ಪೋಕರ್ ಆಟಗಾರ ಡ್ಯಾನಿಯಲ್ ನೆಗ್ರಾನು ಹೆಸರಿನ ಜೊತೆ ಅಂಟಿಕೊಂಡಿರುವ ಶೈಲಿ. ಸಣ್ಣ ರೈಸ್, ಸಣ್ಣ ಪಾಟ್, ತುಂಬಾ ಫ್ಲಾಪ್ (ಟೇಬಲ್ ಮೇಲೆ ಬೀಳುವ ಮೊದಲ ಮೂರು ಎಲೆ) ನೋಡುವುದು. ಮೊದಲ ಲೆವೆಲ್‌ಗಳಲ್ಲಿ, ಕೈಯಲ್ಲಿ ನೂರು ಬಿಗ್ ಬ್ಲೈಂಡ್‌ನಷ್ಟು (ದೊಡ್ಡ ಬ್ಲೈಂಡ್‌ನ ನೂರರಷ್ಟು) ಚಿಪ್ಸ್ ಇರುವಾಗ, ಇದು ನನಗೂ ಇಷ್ಟ. ಸಣ್ಣ ಜೋಡಿ ಹಿಡಿದು ಫ್ಲಾಪ್ ನೋಡಿದರೆ ಸುಮಾರು ಎಂಟರಲ್ಲಿ ಒಂದು ಸಲ ಅದೇ ಅಂಕಿಯ ಮೂರನೇ ಎಲೆ ಬೀಳುತ್ತದೆ. ಬಿದ್ದಾಗ ಇವರು ಕೊನೆತನಕ ಕಾಲ್ ಮಾಡಿ ಪೂರ್ತಿ ಸ್ಟ್ಯಾಕ್, ಅಂದರೆ ತಮ್ಮ ಚಿಪ್ಸ್ ಎಲ್ಲ, ಕೊಡುತ್ತಾರೆ. ಆದರೆ ದೊಡ್ಡ ಕಾರ್ಡ್ ಬಂದಾಗ ಇದೇ ಶೈಲಿ ಕಾಲಿಗೆ ತೊಡರುತ್ತದೆ. ಎಕ್ಕದ ಜೋಡಿ ಒಬ್ಬನ ಎದುರು, ಅವನ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದರೆ, ಸರಾಸರಿ 85 ಶೇಕಡಾ ಗೆಲ್ಲುತ್ತದೆ. ನಾಲ್ವರ ಎದುರು ಅದು 56ಕ್ಕೆ ಇಳಿಯುತ್ತದೆ. ಸಣ್ಣ ರೈಸ್ ಹಾಕಿದರೆ ಆ ನಾಲ್ವರೂ ಬಂದೇ ಬರುತ್ತಾರೆ.

ಅದಕ್ಕೇ ನಾನು ನಾಲ್ಕನೆಯದರ ಪರ: ದೊಡ್ಡ ರೈಸ್, ದೊಡ್ಡ ಬೆಟ್, ಬ್ಲಫ್ ಇಲ್ಲ. ಇವರು ಕಾಲ್ ಮಾಡುವುದು ತಮ್ಮ ಕಾರ್ಡ್ ನೋಡಿ, ಬೆಲೆ ನೋಡಿ ಅಲ್ಲ. ಹಾಗಿದ್ದ ಮೇಲೆ ಬೆಲೆ ಕಡಿಮೆ ಯಾಕೆ ಇಡಬೇಕು?

ಒಂದು ಹ್ಯಾಂಡ್ ಪೂರ್ತಿ ಹೇಳುತ್ತೇನೆ. ಬ್ಲೈಂಡ್ 200-400, ಆ್ಯಂಟಿ (ಬ್ಲೈಂಡ್ ಜೊತೆಗೆ ಪಾಟ್‌ಗೆ ಹಾಕಬೇಕಾದ ಸಣ್ಣ ಮೊತ್ತ) ಇನ್ನೂ ಶುರುವಾಗಿರಲಿಲ್ಲ. ಮೂವರು ಬರೀ 400 ಹಾಕಿ ಒಳಗೆ ಬಂದರು. ಬಟನ್‌ನಲ್ಲಿ (ಫ್ಲಾಪ್ ನಂತರ ಕೊನೆಗೆ ಆಡುವ ಜಾಗದಲ್ಲಿ) ನನಗೆ ಎಕ್ಕ-ರಾಜ, ಸ್ಟ್ಯಾಕ್ 20,000. ಮಾಮೂಲಿ ರೈಸ್ 1,200. ನಾನು 2,800 ಹಾಕಿದೆ. ಒಬ್ಬರು ಮಾತ್ರ ಉಳಿದರು, ಪಾಟ್ 7,000. ಫ್ಲಾಪ್ ರಾಜ, ಎಂಟು, ಮೂರು. ನಾನು 5,000 ಹಾಕಿದೆ, ಅವರು ಕ್ಷಣವೂ ಯೋಚಿಸದೆ ಕಾಲ್ ಮಾಡಿದರು. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಗುಲಾಮ. ಪಾಟ್‌ನಲ್ಲಿ 17,000, ನನ್ನ ಹತ್ತಿರ 12,200. ಎಲ್ಲ ಮುಂದೆ ತಳ್ಳಿದೆ. ಅವರು ಒಂದು ಸಲ ಕಾರ್ಡ್ ಎತ್ತಿ ನೋಡಿ ಕಾಲ್ ಅಂದರು. ರಾಜ-ಒಂಬತ್ತು. ಅವರನ್ನು ಉಳಿಸಲು ಇದ್ದದ್ದು ಮೂರೇ ಒಂಬತ್ತು. ಉಳಿದ 44 ಎಲೆಯಲ್ಲಿ ಮೂರು, ಅಂದರೆ ಶೇಕಡಾ 7. ರಿವರ್‌ನಲ್ಲಿ ನಾಲ್ಕು ಬಿತ್ತು.

ಇದೇ ಹ್ಯಾಂಡ್ ಸ್ಮಾಲ್ ಬಾಲ್‌ನಲ್ಲಿ ಆಡಿದ್ದರೆ ಪಾಟ್ ಇದರ ಅರ್ಧವೂ ಆಗುತ್ತಿರಲಿಲ್ಲ. ಚಿಪ್ಸ್ ಹೋದರೆ ಟೂರ್ನಮೆಂಟ್ ಮುಗಿಯಿತು, ಅದಕ್ಕೆ ಪಾಟ್ ಸಣ್ಣದಿರಲಿ ಎಂದು ಗೆಳೆಯರು ವಾದಿಸುತ್ತಾರೆ. ಒಳ್ಳೆ ಆಟಗಾರರೇ ತುಂಬಿರುವ ಟೇಬಲ್‌ನಲ್ಲಿ ಆ ಮಾತು ಒಪ್ಪುತ್ತೇನೆ. ಇಲ್ಲಿ ಒಪ್ಪುವುದಿಲ್ಲ. ಎದುರಿನವರ ಗೆಲ್ಲುವ ಅವಕಾಶ ಶೇಕಡಾ 7 ಇರುವಾಗ ಪೂರ್ತಿ ಸ್ಟ್ಯಾಕ್ ಹಾಕದಿದ್ದರೆ ಇನ್ಯಾವಾಗ ಹಾಕುವುದು?

ಆದರೂ ಈ ಆಟಕ್ಕೆ ಒಂದು ಕಟ್ಟುಪಾಡು ಇದೆ. ಬರೀ ಕಾಲ್ ಮಾಡುವವರು ಟರ್ನ್‌ನಲ್ಲೋ ರಿವರ್‌ನಲ್ಲೋ ಇದ್ದಕ್ಕಿದ್ದಂತೆ ರೈಸ್ ಮಾಡಿದರೆ ನಂಬಬೇಕು. ಅವರ ಹತ್ತಿರ ಕಡಿಮೆಯೆಂದರೂ ಎರಡು ಜೋಡಿ ಇರುತ್ತದೆ. ನನ್ನ ಕೈಯಲ್ಲಿ ಎಕ್ಕದ ಜೋಡಿ ಇದ್ದರೂ ಅಲ್ಲಿ ಫೋಲ್ಡ್ ಮಾಡುತ್ತೇನೆ.

ಬಹುಮಾನಕ್ಕೆ ಇನ್ನು ಒಂದೆರಡು ಸ್ಥಾನ ಇದೆ ಅನ್ನುವಾಗ ಟೇಬಲ್ಲೇ ಬದಲಾಗುತ್ತದೆ. ಬೆಳಗ್ಗೆಯಿಂದ ಏನನ್ನೂ ಬಿಡದವರು ಆಗ ಬಿಡುತ್ತಾರೆ. ಕಟ್ಟಿದ ದುಡ್ಡಾದರೂ ವಾಪಸ್ ಬರಲಿ ಅನ್ನುವ ಆಸೆ. ಮೇಲೆ ನಾನು ತಳ್ಳಿಹಾಕಿದ ಬ್ಲಫ್‌ಗೆ ಜೀವ ಬರುವುದು ಆಗಲೇ. ಬಟನ್‌ನಿಂದ ಎರಡೂಕಾಲು ಬಿಗ್ ಬ್ಲೈಂಡ್‌ನ ಸಣ್ಣ ರೈಸ್ ಸಾಕು, ಬ್ಲೈಂಡ್ ಮತ್ತು ಆ್ಯಂಟಿ ಸಿಗುತ್ತದೆ. ಯಾರಾದರೂ ಕಾಲ್ ಮಾಡಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ದುಡ್ಡು ಬರುವ ಹಂತ ದಾಟಿದ ಮೇಲೆ ಅವರು ಮತ್ತೆ ಕಾಲ್ ಮಾಡಲು ಶುರು ಮಾಡುತ್ತಾರೆ, ನಾನೂ ಮತ್ತೆ ದೊಡ್ಡ ಬೆಟ್‌ಗೆ ಮರಳುತ್ತೇನೆ.