ಬೊಂಬೆಯಾಟದ ಹಬ್ಬ: ಸಭಾಂಗಣವೋ, ದೇವಸ್ಥಾನದ ಅಂಗಳವೋ?

ಹಾಸನ ಜಿಲ್ಲೆಯಲ್ಲಿ ಬೊಂಬೆಯಾಟದ ಹಬ್ಬ ಮಾಡಲು ಹೊರಟವರು ಜಾಗಕ್ಕಿಂತ ಮೊದಲು ಆಟ ಯಾವುದೆಂದು ನೋಡಬೇಕು.

ಸೂತ್ರದ ಬೊಂಬೆಯ ಸೊಗಸೆಲ್ಲ ಕೀಲುಗಳಲ್ಲಿದೆ. ಭುಜ, ಮೊಣಕೈ, ಸೊಂಟ, ಮೊಣಕಾಲುಗಳು ಐದರಿಂದ ಏಳು ದಾರಗಳಲ್ಲಿ ಕುಣಿಯುತ್ತವೆ. ಹಿಂದಿನ ಸಾಲಿನವರಿಗೂ ಆ ಕುಣಿತ ಕಾಣಬೇಕಾದರೆ ಇಳಿಜಾರಾಗಿ ಆಸನಗಳಿರುವ ಸಣ್ಣ ಸಭಾಂಗಣವೇ ಸರಿ. ಶೌಚಾಲಯವೂ ಅಲ್ಲೇ ಇರುತ್ತದೆ. ಸಕಲೇಶಪುರದ ಕಡೆ ಮಳೆಗಾಲದಲ್ಲಂತೂ ಬೇರೆ ದಾರಿಯಿಲ್ಲ.

ತೊಗಲು ಬೊಂಬೆಯ ಮಾತೇ ಬೇರೆ. ಅದಕ್ಕೆ ಬೇಕಿರುವುದು ಕತ್ತಲೆ, ಬಿಳಿ ಪರದೆ, ಹಿಂದೊಂದು ದೀಪ. ರಾಜನ ಬೊಂಬೆ ದೊಡ್ಡದು, ಸೇವಕನದು ಚಿಕ್ಕದು, ಅಂತಸ್ತಿನಂತೆ ಅಳತೆ. ಅಂಗಳದಲ್ಲಿ ಚಾಪೆಯ ಮೇಲೆ ಕುಳಿತ ಅಜ್ಜಿ ಇದನ್ನು ಮೊಮ್ಮಗಳ ಕಿವಿಯಲ್ಲಿ ಹೇಳಬಹುದು, ಯಾರೂ ಗದರಿಸುವುದಿಲ್ಲ. ಮಗು ಅತ್ತರೆ ತಾಯಿ ಎದ್ದು ಹೋಗಿ ಮರಳಿ ಬರಬಹುದು. ನನಗೆ ಈ ಸಲಿಗೆಯೇ ಹಬ್ಬದ ಜೀವ. ಟಿಕೆಟ್ ಕೊಂಡು ಬರಲು ಹಿಂಜರಿಯುವವರೂ ದೇವಸ್ಥಾನದ ಅಂಗಳಕ್ಕೆ ಬರುತ್ತಾರೆ. ಆದರೆ ಎಲ್ಲ ಜಾತಿ, ಧರ್ಮದವರಿಗೂ ಮುಕ್ತವಾದ ಅಂಗಳವನ್ನೇ ಆರಿಸಿ. ಇಲ್ಲವಾದರೆ ಶಾಲೆಯ ಮೈದಾನ ಲೇಸು.

ಅಂಗಳಕ್ಕೆ ಖರ್ಚು ಕಡಿಮೆ, ಓಡಾಟ ಹೆಚ್ಚು. ಹಿರಿಯರಿಗೆ ಪಕ್ಕದಲ್ಲಿ ಕುರ್ಚಿ, ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು, ಇವಿಷ್ಟು ಇಲ್ಲದೆ ಕರೆಯಬೇಡಿ. ಹಳ್ಳಿಯ ಕೊನೆಯ ಬಸ್ಸಿನ ಸಮಯ ವಿಚಾರಿಸಿ, ಅದಕ್ಕೂ ಅರ್ಧ ಗಂಟೆ ಮೊದಲೇ ಆಟ ಮುಗಿಸಿ.

ಎಲ್ಲೇ ಮಾಡಿದರೂ ಕೊನೆಗೆ ಮಕ್ಕಳನ್ನು ಪರದೆಯ ಹಿಂದಕ್ಕೆ ಬಿಡಿ. ಅದಕ್ಕಾಗಿ ಕಲಾವಿದರಿಗೆ ಹೆಚ್ಚಿನ ಸಂಭಾವನೆಯನ್ನು ಮೊದಲೇ ಮಾತಾಡಿಕೊಳ್ಳಿ.